ಶಿವಮೊಗ್ಗ ಕಡೆ ಫ್ರೆಂಡ್ಸ್ ಜೊತೆ ಟೆಂಟ್ ಹಾಕಿ ಮೀನು ಹಿಡಿಯೋಕೆ ಒಳ್ಳೆ ಜಾಗ ಯಾವ್ದು?

ನೀವು ಕೇಳಿರೋದು ಇಷ್ಟು: ಬೆಂಗಳೂರಿಂದ ಐದು ಜನ ಫ್ರೆಂಡ್ಸ್, ಒಂದು ವೀಕೆಂಡು, ಶಿವಮೊಗ್ಗ ಕಡೆ ಎಲ್ಲಾದ್ರೂ ನೀರಿನ ಪಕ್ಕ ಟೆಂಟ್ ಹಾಕ್ಬೇಕು, ಮೀನು ಹಿಡಿದು ಅಲ್ಲೇ ಸುಟ್ಟು ತಿನ್ಬೇಕು, ಯಾರಿಗೂ ಗಾಳ ಹಾಕಿ ಅಭ್ಯಾಸ ಇಲ್ಲ, ರೀಲ್ ಇರೋ ರಾಡ್ ಆರ್ಡರ್ ಮಾಡ್ಲಾ ಬೇಡ್ವಾ, ಜಾಗದ ಲೊಕೇಶನ್ ಕಳ್ಸಿ.

ಲೊಕೇಶನ್ ಕಳ್ಸಲ್ಲ ಮಾರಾಯ್ರೆ, ಬೇಜಾರಾಗ್ಬೇಡಿ. ನಮ್ಮ ಕಡೆ ಲೊಕೇಶನ್ ಹಂಚಿ ಹಾಳಾಗಿರೋ ಜಾಗ ಒಂದೆರಡಲ್ಲ, ಮೊದ್ಲ ವರ್ಷ ನಾಕು ಜನ ಬರ್ತಾರೆ, ಮುಂದಿನ ವರ್ಷ ಬಾಟ್ಲಿ ಪ್ಲಾಸ್ಟಿಕ್ ತಟ್ಟೆ ತುಂಬತ್ತೆ, ಮೂರನೇ ವರ್ಷ ಜಾಗದವ್ರು ಬೇಲಿ ಹಾಕ್ತಾರೆ. ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ಜಾಗ ಹುಡುಕ್ಬೇಡಿ, ಮನೆ ಹುಡುಕಿ. ನೀರಿನ ಹತ್ರ ಇರೋ ಒಂದು ಮನೆ, ಆ ಮನೆಯವ್ರ ಪರಿಚಯ ಇರೋ ಒಬ್ಬ ಫ್ರೆಂಡು, ಅಷ್ಟಿದ್ರೆ ಮಿಕ್ಕಿದ್ದೆಲ್ಲ ತಾನೇ ಆಗತ್ತೆ. ಬೆಂಗಳೂರಲ್ಲಿ ನಿಮ್ಮ ಆಫೀಸಲ್ಲೇ ಸಾಗರ, ಹೊಸನಗರ, ತೀರ್ಥಹಳ್ಳಿಯವ್ರು ಒಬ್ರಾದ್ರೂ ಇರ್ತಾರೆ, ಅವ್ರನ್ನ ಒಂದು ಕಾಫಿ ಕುಡಿಸಿ ಕೇಳಿ. ಅದೂ ಇಲ್ಲ ಅಂದ್ರೆ ಹಿನ್ನೀರಿನ ಪಕ್ಕ ಹೋಮ್‌ಸ್ಟೇಗಳಿವೆ, ಅಂಗಳದಲ್ಲೋ ಗದ್ದೇಲೋ ಟೆಂಟ್ ಹಾಕೋಕೆ ಬಿಡ್ತೀರಾ, ಗಾಳ ಹಾಕ್ಬೋದಾ ಅಂತ ಫೋನಲ್ಲೇ ಕೇಳಿ ಬನ್ನಿ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಮಲ್ನಾಡಲ್ಲಿ ನೀರಿನ ಪಕ್ಕ ಖಾಲಿ ಕಾಣೋ ಜಾಗ ಯಾವ್ದೂ ಖಾಲಿ ಅಲ್ಲ. ಒಂದೋ ಅರಣ್ಯ ಇಲಾಖೇದು, ಇಲ್ಲಾ ಡ್ಯಾಮ್‌ನೋರದ್ದು, ಇಲ್ಲಾ ಯಾರದ್ದೋ ಗದ್ದೆ ತೋಟ. ಶಿವಮೊಗ್ಗದಿಂದ ತೀರ್ಥಹಳ್ಳಿ ರೋಡಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತುಂಗಾ ಹೊಳೆ ಪಕ್ಕದಲ್ಲೇ ಹೋಗ್ತೀರಲ್ಲ, ನೋಡಿದ್ರೆ ಇಲ್ಲೇ ಟೆಂಟ್ ಹಾಕೋಣ ಅನ್ಸತ್ತೆ, ಆದ್ರೆ ಆ ಕಡೆ ಕಾಡು ಬಹಳಷ್ಟು ಶೆಟ್ಟಿಹಳ್ಳಿ ಅಭಯಾರಣ್ಯ, ಆನೆ ಓಡಾಡೋ ಜಾಗ. ಲಕ್ಕವಳ್ಳಿ ಕಡೆ ಹೋದ್ರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಶರಾವತಿ ಹಿನ್ನೀರಲ್ಲೂ ಒಂದಷ್ಟು ಭಾಗ ಅಭಯಾರಣ್ಯದ ಒಳಗೇ ಬರತ್ತೆ. ಇಲ್ಲೆಲ್ಲ ರಾತ್ರಿ ಉಳಿಯೋದೂ ಮೀನು ಹಿಡಿಯೋದೂ ಪರ್ಮಿಶನ್ ಇಲ್ದೆ ಮಾಡಿದ್ರೆ ಕೇಸು ಬೀಳತ್ತೆ. ಇನ್ನು ಡ್ಯಾಮ್ ನೀರಲ್ಲಿ ಮೀನು ಹಿಡಿಯೋಕೆ ಮೀನುಗಾರಿಕೆ ಇಲಾಖೆ ಲೈಸೆನ್ಸ್ ಇದೆ, ಊರ ಕೆರೆಗಳನ್ನ ಹರಾಜಲ್ಲೋ ಗುತ್ತಿಗೇಲೋ ಯಾರೋ ತಗೊಂಡು ಮರಿ ಬಿಟ್ಟಿರ್ತಾರೆ. ಕೆರೆ ಸುಮ್ನೆ ಬಿದ್ದಿದೆ ಅಂತ ನೀವು ಗಾಳ ಹಾಕಿದ್ರೆ ಅದು ಅವ್ರ ದುಡ್ಡಿಗೆ ಗಾಳ ಹಾಕ್ದಂಗೆ. ಊರೋರು ಜೊತೇಲಿದ್ರೆ ಯಾವ ನೀರು ಯಾರದ್ದು ಅಂತ ಅವ್ರಿಗೇ ಗೊತ್ತಿರತ್ತೆ.

ದೇವಸ್ಥಾನದ ಹತ್ರ ಹೊಳೇಲಿ ಮಾತ್ರ ಗಾಳದ ಸುದ್ದೀನೇ ಎತ್ಬೇಡಿ. ಶೃಂಗೇರೀಲಿ ಮಠದ ಮುಂದೆ ತುಂಗೇಲಿ, ತೀರ್ಥಹಳ್ಳಿ ಹತ್ರ ಚಿಬ್ಬಲಗುಡ್ಡೆ ಮತ್ಸ್ಯಧಾಮದಲ್ಲಿ ಮೊಣಕೈ ಉದ್ದದ ಮೀನು ಕಾಲ್ಬುಡಕ್ಕೇ ಬರತ್ತೆ, ಮಂಡಕ್ಕಿ ಹಾಕಿ, ಫೋಟೋ ತೆಗೀರಿ, ಬನ್ನಿ. ಅವು ದೇವರ ಮೀನು. ಅಲ್ಲಿ ಬಾಯಲ್ಲಿ ನೀರೂರಿದ್ರೂ ನುಂಗ್ಕೊಳ್ಳಿ.

ನಾವು ಹೋಗೋದು ಸಾಗರ ಹೊಸನಗರ ಮಧ್ಯೆ ಲಿಂಗನಮಕ್ಕಿ ಹಿನ್ನೀರಿನ ಒಂದು ಮೂಲೆಗೆ, ಜೊತೇಲಿ ಓದಿದ ಫ್ರೆಂಡ್‌ನ ಮಾವನ ಮನೆ ಅಲ್ಲಿದೆ, ಪಕ್ಕದ ಮನೆಯವ್ರು ಲೈಸೆನ್ಸ್ ತಗೊಂಡು ಬಲೆ ಬಿಡೋರು. ಈ ಹಿನ್ನೀರಿನ ಬಗ್ಗೆ ಸ್ವಲ್ಪ ತಿಳ್ಕೊಂಡು ಬಂದ್ರೆ ಒಳ್ಳೇದು, ಯಾಕಂದ್ರೆ ಇದು ಕೆರೆ ಅಲ್ಲ, ಮುಳುಗಿರೋ ಊರು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಮನೆ, ಗದ್ದೆ, ತೋಟ, ರೋಡು, ಅದಕ್ಕಿಂತ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಡ್ಯಾಮ್ ಸಮೇತ ನೀರೊಳಗೆ ಹೋಯ್ತು. ಬೇಸಿಗೇಲಿ ನೀರು ಇಳಿದಾಗ ಆ ಹಳೇ ಡ್ಯಾಮ್ ಮತ್ತೆ ಮೇಲೆ ಬರತ್ತೆ, ಮಡೇನೂರು ಡ್ಯಾಮ್ ಅಂತ ನೋಡೋಕೆ ಜನ ಹೋಗ್ತಾರೆ. ಕಾಡು ಪೂರ್ತಿ ಕಡಿದು ನೀರು ಬಿಟ್ಟಿದ್ದಲ್ಲ, ಹಾಗಾಗಿ ಅಷ್ಟು ವರ್ಷದ ಹಿಂದಿನ ಮರದ ಬೊಡ್ಡೆಗಳು ಇವತ್ತಿಗೂ ಕರ್ರಗೆ ನಿಂತಿವೆ. ಮೀನಿಗೆ ಆ ಬೊಡ್ಡೆ ಬುಡ ಅಂದ್ರೆ ಬಲು ಇಷ್ಟ, ಗಾಳಕ್ಕೂ ಅಷ್ಟೇ ಇಷ್ಟ, ಸಿಕ್ಕಿಹಾಕ್ಕೊಂಡ್ರೆ ಬಿಡಲ್ಲ.

ರಾಡ್ ವಿಷಯ ಇಲ್ಲಿಗೆ ಬಂತು ನೋಡಿ. ರೀಲ್ ರಾಡ್ ಬೇಡ. ದೂರಕ್ಕೆ ಎಸೆದಷ್ಟೂ ಬೊಡ್ಡೆಗೆ ಸಿಗತ್ತೆ, ನಮ್ಮ ಗುಂಪಲ್ಲಿ ಒಬ್ಬ ಪ್ರತಿ ಸಲ ತರ್ತಾನೆ, ಪ್ರತಿ ಸಲ ಸಂಜೆ ಹೊತ್ತಿಗೆ ಬಿದಿರು ಕೋಲು ಕೇಳ್ತಾನೆ. ಹತ್ತು ಹನ್ನೆರಡು ಅಡಿ ಬಿದಿರು ಕೋಲು ಇಲ್ಲಾ ವಾಟೆ ಕೋಲು, ತುದಿ ಸಣ್ಣಗಿರ್ಬೇಕು, ಕೋಲಿನಷ್ಟೇ ಉದ್ದ ತಂಗೂಸಿ (ನೈಲಾನ್ ದಾರ), ಒಂದು ಸಣ್ಣ ಗಾಳ, ಗಾಳದಿಂದ ಗೇಣು ಮೇಲೆ ಒಂದು ಸೀಸದ ಗುಂಡು, ಅದರ ಮೇಲೆ ನೀರಲ್ಲಿ ತೇಲೋ ಬೆಂಡು. ಬೆಂಡಿಗೆ ಅಂಗಡೀದು ಬೇಡ, ಸವೆದ ಹವಾಯಿ ಚಪ್ಪಲಿ ಅಂಚಲ್ಲಿ ಬೆರಳಷ್ಟು ತುಂಡು ಕತ್ತರಿಸಿ ಮಧ್ಯ ಸೂಜೀಲಿ ತೂತು ಮಾಡಿ ತಂಗೂಸಿ ಪೋಣಿಸಿದ್ರೆ ಮುಗೀತು. ಗಾಳ, ತಂಗೂಸಿ, ಸೀಸ ಎಲ್ಲ ಸಾಗರ ಪೇಟೇಲೇ ಸಿಗತ್ತೆ. ಗಾಳ ಮಾತ್ರ ಬೇಕಾದ್ದಕ್ಕಿಂತ ಜಾಸ್ತೀನೇ ತಗೊಳ್ಳಿ, ಬೊಡ್ಡೆಗಳಿಗೆ ಪಾಲು ಕೊಡ್ಲೇಬೇಕು.

ಎರೆಹುಳ ಅಡಕೆ ತೋಟದ ಕಾದಿಗೆ (ನೀರು ಹೋಗೋ ಕಾಲುವೆ) ಪಕ್ಕ, ಬಚ್ಚಲು ನೀರು ಹೋಗೋ ಕಡೆ ಅಗೆದ್ರೆ ಬೇಕಾದಷ್ಟು. ತೆಂಗಿನ ಕರಟದಲ್ಲಿ ಒದ್ದೆ ಮಣ್ಣು ಹಾಕಿ ಇಟ್ಕೊಳ್ಳಿ. ಆ ಮನೆ ಅಜ್ಜ ಹುಳ ಪೋಣಿಸೋದು ನೋಡ್ಬೇಕು, ಮೊದ್ಲು ಬೆರಳಿಗೆ ಒಲೆ ಬೂದಿ ಹಚ್ಕೊಳ್ತಾರೆ, ಜಾರಬಾರ್ದು ಅಂತ, ಆಮೇಲೆ ಹುಳದ ಒಂದು ತುದಿಯಿಂದ ಗಾಳವನ್ನ ಒಳಗೇ ನಡೆಸ್ಕೊಂಡು ಬಂದು, ಮೊನೆ ಕಾಣದ ಹಾಗೆ ಮುಚ್ಚಿ, ಬಾಲ ಅರ್ಧ ಬೆರಳಷ್ಟು ಹೊರಗೆ ಬಿಡ್ತಾರೆ. ಆ ಬಾಲ ಒದ್ದಾಡ್ಬೇಕು. ನಾವೆಲ್ಲ ಮಾಡೋ ಹಾಗೆ ಹುಳನ ಮುದ್ದೆ ಮಾಡಿ ಚುಚ್ಚಿದ್ರೆ ಸಸಲು ಮೀನುಗಳು ಬಂದು ಚೂರುಚೂರೇ ಕಿತ್ಕೊಂಡು ಹೋಗ್ತವೆ, ನಿಮಗೆ ಖಾಲಿ ಗಾಳ. "ತಮಾ, ನೀ ಮೀನಿಗೆ ಊಟ ಹಾಕ್ತಿದ್ಯೊ, ಗಾಳ ಹಾಕ್ತಿದ್ಯೊ" ಅಂತ ಅಜ್ಜ ಕೇಳೋದು ಅದಕ್ಕೇ.

ಬೆಂಡು ನೋಡೋದೇ ಇದ್ರಲ್ಲಿ ಅರ್ಧ ಕೆಲ್ಸ. ಟುಕ್ ಟುಕ್ ಅಂತ ಕುಣೀತಿದ್ರೆ ಸಣ್ಣ ಮೀನು, ಸುಮ್ನಿರಿ. ಎರಡು ಸಲ ಕುಣಿದು ಆಮೇಲೆ ಬೆಂಡು ಮುಳುಗದೆ ಅಡ್ಡಡ್ಡ ಜಾರೋಕೆ ಶುರುವಾದ್ರೆ ಅದು ಜಿಲೇಬಿ ಮೀನು (ತಿಲಾಪಿಯಾ), ಆಗ ಎಳೀಬೇಕು, ಎತ್ತಿ ಎಸಿಯೋದಲ್ಲ, ಮಣಿಕಟ್ಟಲ್ಲೇ ಒಂದು ಸಣ್ಣ ಜರ್ಕು. ಸದ್ದೇ ಇಲ್ದೆ ಬೆಂಡು ನೆಟ್ಟಗೆ ಕೆಳಗೆ ಹೋಯ್ತು ಅಂದ್ರೆ ಗಿರ್ಲೋ ಬೇರೆ ಯಾವ್ದೋ ಮೀಸೆ ಮೀನೋ, ಅದು ಸಂಜೆ ಕತ್ತಲಾಗೋ ಹೊತ್ತಲ್ಲೇ ಜಾಸ್ತಿ. ಗಿರ್ಲು ಬಂದ್ರೆ ಖುಷೀಲಿ ಕೈ ಹಾಕಿ ಹಿಡೀಬೇಡಿ! ಬೆನ್ನ ಮೇಲೊಂದು, ಕಿವಿ ಪಕ್ಕ ಎರಡು ಮುಳ್ಳು ನೆಟ್ಟಗೆ ನಿಲ್ಸಿರತ್ತೆ, ಚುಚ್ಚಿದ್ರೆ ಗಂಟೆಗಟ್ಲೆ ಉರಿ. ಚೇಳು ಮೀನು ಅಂತ ಇನ್ನೊಂದಿದೆ, ಕಪ್ಪಗೆ ಉದ್ದಕ್ಕೆ, ಹೆಸರೇ ಹೇಳತ್ತಲ್ಲ, ಅದರ ಮುಳ್ಳು ಇನ್ನೂ ಕಷ್ಟ. ಬಟ್ಟೆ ಹಾಕಿ ಒತ್ತಿ ಹಿಡಿದು ಗಾಳ ಬಿಡಿಸಿ, ಇಲ್ಲಾ ಗೊತ್ತಿರೋರ ಕೈಗೆ ಕೊಡಿ. ಕುಚ್ಚು ಮೀನು ಹಿಡಿಯೋಕೆ ಎರೆಹುಳ ಸಾಲಲ್ಲ, ಅದಕ್ಕೆ ಸಣ್ಣ ಕಪ್ಪೆ, ಜೀವ ಇರೋ ಮರಿ ಮೀನು ಬೇಕು, ಹೊಸಬರಿಗೆ ಬೇಡ ಬಿಡಿ. ರೋಹು ಕಾಟ್ಲಾಕ್ಕೆ ಹಿಂಡಿ, ತೌಡು, ಮೈದಾ ಕಲಸಿ ಉಂಡೆ ಮಾಡಿ ಹಾಕ್ತಾರೆ, ಕೋಲಿಗೆ ಸಿಕ್ಕೋದು ಅಪರೂಪ, ಸಿಕ್ರೆ ಕೋಲು ಮುರಿಯತ್ತೆ.

ಟೈಮು ಬೆಳಿಗ್ಗೆ ಬೆಳಕು ಹರಿದಾಗಿಂದ ಎಂಟೂವರೆ ಒಂಬತ್ತರ ತನಕ, ಸಂಜೆ ನಾಕೂವರೆ ಮೇಲೆ. ಮಧ್ಯಾಹ್ನ ಬಿಸಿಲಲ್ಲಿ ಕೂತ್ರೆ ತಲೆನೋವು ಬಿಟ್ರೆ ಏನೂ ಸಿಗಲ್ಲ, ಆ ಹೊತ್ತಿಗೆ ಇಕ್ಕೇರಿ ದೇವಸ್ಥಾನ ನೋಡ್ಕೊಂಡು ಬನ್ನಿ, ಇಲ್ಲಾ ಸಿಗಂದೂರಿಗೆ ಹೋಗಿ, 2025ರ ಜುಲೈಯಲ್ಲಿ ಸೇತುವೆ ಓಪನ್ ಆದ್ಮೇಲೆ ಲಾಂಚ್‌ಗೆ ಕ್ಯೂ ನಿಲ್ಲೋ ಕಥೆ ಇಲ್ಲ. (ಲಾಂಚಲ್ಲಿ ಬಸ್ಸು ಕಾರು ಜನ ಎಲ್ಲ ಒಟ್ಟಿಗೆ ದಾಟೋ ಮಜಾ ಹೋಯ್ತು ಅಂತ ನಮಗೆ ಬೇಜಾರು, ಆಸ್ಪತ್ರೆಗೆ ರಾತ್ರಿ ದಾಟ್ಬೇಕಾಗಿದ್ದ ತುಮರಿ ಕಡೆಯವ್ರಿಗೆ ಆ ಬೇಜಾರಿಲ್ಲ, ಅವ್ರದ್ದೇ ಸರಿ.) ಹೊನ್ನೆಮರಡು ಅಂತ ಕೇಳಿರ್ತೀರಿ, ಅಲ್ಲಿ ಲೈಫ್ ಜಾಕೆಟ್ ಹಾಕಿ ತೆಪ್ಪ, ಕಯಾಕ್ ಅಂತ ನೀರಾಟ, ಅದು ಚೆನ್ನಾಗಿದೆ, ಆದ್ರೆ ನೀವು ಕೇಳ್ತಿರೋ ಮೀನಿನ ಕಾರ್ಯಕ್ರಮ ಅಲ್ಲ.

ಯಾವಾಗ ಬರ್ಬೇಕು? ನವೆಂಬರು ಡಿಸೆಂಬರು. ಮಳೆ ನಿಂತಿರತ್ತೆ, ನೀರು ತುಂಬಿರತ್ತೆ, ಇಂಬಳ (ಜಿಗಣೆ) ಕಮ್ಮಿಯಾಗಿರತ್ತೆ, ರಾತ್ರಿ ಚಳಿ ಇರತ್ತೆ. ಇಬ್ಬನಿ ಮಾತ್ರ ಮಳೆ ಥರಾನೇ ಬೀಳತ್ತೆ, ಟೆಂಟ್ ಮೇಲಿನ ಹೊದಿಕೆ ಹಾಕ್ದೆ ಮಲಗಿದ್ರೆ ಬೆಳಿಗ್ಗೆ ಎಲ್ಲ ತೊಪ್ಪೆ. ಫೆಬ್ರವರಿ ಮಾರ್ಚಲ್ಲಿ ನೀರು ಹಿಂದೆ ಸರಿದು ಹುಲ್ಲುಗಾವಲು ಥರ ಆಗತ್ತೆ, ದನ ಮೇಯ್ತಿರ್ತವೆ, ಫೋಟೋ ನೋಡಿ ಎಲ್ಲರೂ ಆಗ್ಲೇ ಬರೋದು. ಆದ್ರೆ ಆ ಹುಲ್ಲು ಮುಗಿದು ನೀರು ಶುರುವಾಗೋ ಅಂಚಲ್ಲಿ ಹೂಳು ಇರತ್ತೆ, ಮೇಲೆ ಒಣಗಿ ಬಿರುಕು ಬಿಟ್ಟಿರತ್ತೆ, ಕಾಲಿಟ್ರೆ ಮೊಣಕಾಲು ತನಕ ಹೋಗತ್ತೆ, ಕೆಲವು ಕಡೆ ಅದಕ್ಕಿಂತ ಆಳ. ದನ ಹೋಗಿರೋ ಹೆಜ್ಜೇಲೇ ನಡೀರಿ, ಕೈಯಲ್ಲಿ ಕೋಲಿರ್ಲಿ. ಈಜು ಬಂದ್ರೂ ಇಳೀಬೇಡಿ, ಕೆಳಗೆ ಬಾವಿ ಇದ್ಯೋ ಧರೆ ಇದ್ಯೋ ಮರದ ಕೊಂಬೆ ಇದ್ಯೋ ಮೇಲಿಂದ ಗೊತ್ತಾಗಲ್ಲ. ಅಲ್ಲಿಯವ್ರೇ ಇಳಿಯಲ್ಲ.

ಜೂನಿಂದ ಸೆಪ್ಟೆಂಬರ್ ಬರ್ಲೇಬೇಡಿ ಟೆಂಟ್ ಹಿಡ್ಕೊಂಡು. ಹೊಳೆ ಪಕ್ಕ ಟೆಂಟ್ ಹಾಕಿದ್ರೆ ನಿಮ್ಮ ತಲೆ ಮೇಲೆ ಮಳೆ ಇಲ್ದೆ ಇದ್ರೂ ಆಗುಂಬೆ ಕಡೆ ಸುರಿದಿದ್ದು ರಾತ್ರಿ ನಿಮ್ಮ ಹತ್ರ ಬರತ್ತೆ. ಮೊದಲ ಮಳೆಗೆ ಹತ್ತು ಮೀನು, ಅಂದ್ರೆ ಮೇಲಕ್ಕೆ ಹತ್ತಿ ಬರೋ ಮೀನು ಹಿಡಿಯೋದು ಅಂತ ಮಾಡ್ತಾರೆ ನಮ್ಮಲ್ಲಿ, ಹೊಸ ನೀರು ಬಂದಾಗ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡೋಕೆ ಹತ್ತಿ ಬರತ್ತೆ, ಜನ ರಾತ್ರಿ ಟಾರ್ಚು ಕತ್ತಿ ಕೂಳಿ (ಮೀನು ಹಿಡಿಯೋ ಬುಟ್ಟಿ) ಹಿಡ್ಕೊಂಡು ಹೋಗ್ತಾರೆ. ಚಿಕ್ಕವನಿದ್ದಾಗ ನಾನೂ ಚಿಕ್ಕಪ್ಪನ ಹಿಂದೆ ಟಾರ್ಚ್ ಹಿಡ್ಕೊಂಡು ಹೋಗ್ತಿದ್ದೆ. ಈಗ ನನಗೆ ಅದು ಸರಿ ಕಾಣಲ್ಲ, ಹೊಟ್ಟೆ ತುಂಬ ಮೊಟ್ಟೆ ಇರೋ ಮೀನನ್ನೇ ಕಡಿದ್ರೆ ಮುಂದಿನ ವರ್ಷ ಹತ್ತೋಕೆ ಏನಿರತ್ತೆ? ವರ್ಷಕ್ಕೊಂದ್ಸಲ ಬಿಡೋ ಅಂತ ಮನೇಲಿ ಜಗಳ ಆಗತ್ತೆ, ಆಗ್ಲಿ.

ಇನ್ನೊಂದು ವಿಷಯ, ಟ್ರಿಪ್ ವಿಡಿಯೋ ಮಾಡೋರು ಯಾರೂ ಹೇಳಲ್ಲ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಕಾಡಿನ ಉಣುಗಿಂದ (ಮೈಗೆ ಅಂಟಿ ರಕ್ತ ಹೀರೋ ಸಣ್ಣ ಹುಳ) ಬರತ್ತೆ, ಡಿಸೆಂಬರ್ ಕೊನೆಯಿಂದ ಮೇ ತನಕ ಅದರ ಕಾಲ. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡು ಕಡೆ ಜನ ಸತ್ತಿದ್ರು, ಹಾಗಾಗಿ ಹಳೇ ಕಾಲದ ಕಥೆ ಅಂತ ತಳ್ಳಿಹಾಕ್ಬೇಡಿ. ಆ ತಿಂಗಳುಗಳಲ್ಲಿ ಬಂದ್ರೆ ಕಾಡೊಳಗೆ ಸುತ್ತೋದು ಬೇಡ, ದರಗಿನ (ಉದುರಿದ ಒಣ ಎಲೆ) ಮೇಲೆ ಕೂರೋದು ಮಲಗೋದು ಬೇಡ, ಉದ್ದ ಪ್ಯಾಂಟು ಸಾಕ್ಸೊಳಗೆ ಸೇರ್ಸಿ, ಸಂಜೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬದಲಾಯ್ಸಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಊರೋರಿಗೆ ಹೇಳಿ. ವಾಪಸ್ ಹೋಗಿ ಒಂದು ವಾರದ ಆಚೀಚೆ ಜೋರು ಜ್ವರ ತಲೆನೋವು ಬಂದ್ರೆ ಡಾಕ್ಟರಿಗೆ ನಾನು ಸಾಗರ ಕಡೆ ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ, ಬೆಂಗಳೂರಲ್ಲಿ ಅವ್ರಾಗೇ ಕೇಳಲ್ಲ.

ಟೆಂಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನೀರಿನ ಅಂಚಿಂದ ದೂರ, ಸ್ವಲ್ಪ ಎತ್ತರದಲ್ಲಿ, ಕೊಯ್ದ ಗದ್ದೆ ಸಿಕ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ರಾತ್ರಿ ತೋಟದ ಕಡೆ ಒಬ್ಬರೇ ಹೋಗ್ಬೇಡಿ, ಹಂದಿ ಕಾಟಕ್ಕೆ ಕರೆಂಟ್ ಬೇಲಿ ಹಾಕಿರ್ತಾರೆ, ಕಾಡುಕೋಣ ಬರತ್ತೆ, ಹಾವಂತೂ ಇದ್ದಿದ್ದೇ. ಸೌದೆ ಮನೆಯವ್ರ ಹತ್ರ ಕೇಳಿ ತಗೊಳ್ಳಿ, ಮರ ಕಡೀಬೇಡಿ, ಒಣ ಅಡಕೆ ಸೋಗೆ ಒಂದು ಹಿಡಿ ಇದ್ರೆ ಒದ್ದೆ ಸೌದೇನೂ ಹತ್ಕೊಳತ್ತೆ. ಬೇಸಿಗೇಲಿ ಹುಲ್ಲು ಒಣಗಿರೋ ಕಡೆ ದೊಡ್ಡ ಬೆಂಕಿ ಬೇಡ, ಮಲಗೋ ಮುಂಚೆ ನೀರು ಹೊಯ್ದು ಕೆದಕಿ ನೋಡಿ. ಬಾಟ್ಲಿ ತರೋರು ತರ್ತೀರಿ, ನಾನು ಬೇಡ ಅಂದ್ರೆ ಕೇಳ್ತೀರಾ, ಆದ್ರೆ ಕುಡಿದ್ಮೇಲೆ ನೀರಿನ ಹತ್ರ ಹೋಗೋ ಹಾಗಿಲ್ಲ, ಖಾಲಿ ಬಾಟ್ಲಿ ಎಣಿಸಿ ವಾಪಸ್ ಒಯ್ಯಿ, ಗದ್ದೇಲಿ ಒಡೆದ ಗಾಜು ಮುಂದಿನ ನಾಟಿ ಟೈಮಲ್ಲಿ ಸಿಗೋದು ಬರಿಗಾಲಲ್ಲಿ ನೆಡೋ ಹೆಂಗಸರಿಗೆ. ಸ್ಪೀಕರ್ ಬೇಡವೇ ಬೇಡ.

ಊಟ. ನಿಮ್ಮ ಮೀನು ನಂಬ್ಕೊಂಡು ಅಡುಗೆ ಪ್ಲಾನ್ ಮಾಡ್ಬೇಡಿ, ಅಕ್ಕಿ, ಮೊಟ್ಟೆ, ಈರುಳ್ಳಿ ಎಲ್ಲ ಇರ್ಲಿ. ಬೆಳಿಗ್ಗೆ ಬಲೆ ಎತ್ತೋರ ಹತ್ರ ಎರಡು ಕೆಜಿ ತಗೊಂಡ್ಬಿಟ್ರೆ ಮನಸ್ಸಿಗೆ ನೆಮ್ಮದಿ, ಆಮೇಲೆ ಗಾಳಕ್ಕೆ ಸಿಕ್ಕಿದ್ದೆಲ್ಲ ಲಾಭ. ಮೀನು ಉಜ್ಜೋದು ಬೂದಿ ಹಾಕಿ, ಒರಟು ಕಲ್ಲಿನ ಮೇಲೆ, ಬಾಲದಿಂದ ತಲೆ ಕಡೆಗೆ, ಹುರುಪೆ ಎದ್ದು ಮೈ ಬೆಳ್ಳಗಾಗೋ ತನಕ. ಜಿಲೇಬಿ ಹೊಟ್ಟೆ ಒಳಗೆ ಕಪ್ಪು ಪೊರೆ ಇರತ್ತೆ, ಅದನ್ನ ಬೆರಳಲ್ಲಿ ಉಜ್ಜಿ ತೆಗೀಲಿಲ್ಲ ಅಂದ್ರೆ ಕಹಿ ಕಹಿ, ಕೆಸರು ವಾಸನೆ. ಸುಡೋಕೆ ಉರಿ ಬೇಡ, ಕೆಂಡ ಬೇಕು. ಎಲ್ಲರೂ ಹಸಿವಲ್ಲಿ ಉರಿ ಮೇಲೇ ಹಿಡಿದು ಹೊರಗೆ ಇದ್ದಲು ಒಳಗೆ ಹಸಿ ಮಾಡ್ತಾರೆ. ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಮೆಣಸು (ಸಣ್ಣ ಖಾರದ ಮೆಣಸಿನಕಾಯಿ) ಹಚ್ಚಿ ಅರ್ಧ ಗಂಟೆ ಬಿಟ್ಟು, ಬಾಳೆ ಎಲೇನ ಬೆಂಕೀಲಿ ಬಾಡಿಸಿ ಅದ್ರಲ್ಲಿ ಸುತ್ತಿ, ಬಾಳೆ ನಾರಲ್ಲಿ ಕಟ್ಟಿ ಕೆಂಡದ ಮೇಲಿಡಿ. ಎಲೆ ಕಪ್ಪಾಗಿ ಒಡೆದಾಗ ತಿರುಗ್ಸಿ.

ಸಾರು ಮಾತ್ರ ಆ ಮನೆ ಅಕ್ಕನ ಕೈಗೇ ಬಿಡಿ, ಕೇಳಿದ್ರೆ ಮಾಡ್ಕೊಡ್ತಾರೆ. ಹುಣಸೆ ಹಾಕಲ್ಲ ಅವ್ರು, ಹೊಗೇಲಿ ಒಣಗಿಸಿದ ಉಪ್ಪಾಗೆ ಅನ್ನೋ ಹುಳಿ ಹಣ್ಣಿನ ಸಿಪ್ಪೆ ನೆನೆಸಿ ಹಾಕ್ತಾರೆ, ಸಾರು ಕಪ್ಪಗೆ ಬರತ್ತೆ, ಹೊಸಬ್ರು ಬಣ್ಣ ನೋಡಿ ಹಿಂದೆಮುಂದೆ ನೋಡ್ತಾರೆ, ಆಮೇಲೆ ಪಾತ್ರೆ ಬಿಡಲ್ಲ. ರಾತ್ರಿ ಮಾಡಿದ್ದನ್ನ ಬೆಳಿಗ್ಗೆ ಕಡುಬಿಗೆ ಹಾಕ್ಕೊಳ್ಳಿ, ಆ ರುಚಿ ರಾತ್ರಿ ಇರಲ್ಲ. ದುಡ್ಡು ಕೊಟ್ರೆ ಪರಿಚಯದ ಮನೆಯವ್ರು ತಗೊಳ್ಳಲ್ಲ, ಬರೋವಾಗ್ಲೇ ಒಳ್ಳೆ ಕಾಫಿ ಪುಡಿ, ಹಣ್ಣು, ಮಕ್ಕಳಿದ್ರೆ ಏನಾದ್ರೂ ತಿಂಡಿ ತಗೊಂಡ್ ಬನ್ನಿ. ಅಜ್ಜನಿಗೆ ಎಲೆ ಅಡಕೆ ಅವ್ರ ತೋಟದ್ದೇ ಇರತ್ತೆ, ಟಾರ್ಚಿಗೆ ಸೆಲ್ಲು ತಂದ್ಕೊಡಿ ಸಾಕು.

ಬರೋಕೆ ಕಾರೇ ಬೇಕು ಅಂತಿಲ್ಲ. ತಾಳಗುಪ್ಪ ರೈಲು ರಾತ್ರಿ ಬೆಂಗಳೂರಲ್ಲಿ ಹತ್ತಿದ್ರೆ ಬೆಳಿಗ್ಗೆ ಸಾಗರ ಜಂಬಗಾರು ಸ್ಟೇಷನ್, ಅಲ್ಲಿಂದ ಜೀಪೋ ಆಟೋನೋ ಮಾತಾಡ್ಕೊಳ್ಳಿ. ವಾಪಸ್ಸೂ ಭಾನುವಾರ ರಾತ್ರಿ ಅದೇ ರೈಲು, ಸೋಮವಾರ ಆಫೀಸಿಗೆ ಹೋಗ್ಬೋದು. ಹೊರಡೋ ಮುಂಚೆ ಕೈಗೆ ನಿಂಬೆಹಣ್ಣು ಉಜ್ಜಿ ಸ್ನಾನ ಮಾಡಿ ಹೊರಡಿ, ಸ್ಲೀಪರ್‌ನಲ್ಲಿ ಮೇಲಿನ ಬರ್ತ್‌ನೋರು ಬೈದ್ರೆ ನಾನು ಜವಾಬ್ದಾರಿ ಅಲ್ಲ.